ಅಮೆರಿಕದ ನಿಸರ್ಗಚಿತ್ರಕಲೆ: ಕೊಡಲಿ, ಹೊಗೆಬಂಡಿ ಮತ್ತು ಪಶ್ಚಿಮ ದಿಗಂತ

ಹತ್ತೊಂಬತ್ತನೆಯ ಶತಮಾನದ ಎರಡನೆಯ ಪಾದದಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನಗಳ ಪೂರ್ವಭಾಗದಲ್ಲಿ ಹುಟ್ಟಿ, ಆ ದೇಶದ ಜನ ಪಶ್ಚಿಮಕ್ಕೆ ನಡೆದಂತೆಲ್ಲ ತಾನೂ ಅವರ ಬಂಡಿಗಳ ಹಿಂದೆ, ಕೆಲವೊಮ್ಮೆ ಮುಂದೆಯೇ, ನಡೆದು, ಶತಮಾನ ಮುಗಿಯುವ ಹೊತ್ತಿಗೆ ದಣಿದು ನಿಂತ ನಿಸರ್ಗಚಿತ್ರ ಸಂಪ್ರದಾಯಕ್ಕೆ ಹಡ್ಸನ್ ನದೀ ಪಂಥವೆಂದು ಹೆಸರು. ಈ ಹೆಸರನ್ನು ಇಟ್ಟವರು ಅದರ ಅಭಿಮಾನಿಗಳಲ್ಲ. ಫ್ರಾನ್ಸಿನ ಹೊಸ ಬಗೆಯ ಚಿತ್ರಗಳಿಗೆ ಮನಸೋತ ಮುಂದಿನ ತಲೆಮಾರಿನ ವಿಮರ್ಶಕರು, ಇದು ತನ್ನ ಊರಿನ ಹೊಳೆಯಾಚೆ ಏನನ್ನೂ ಕಾಣದವರ ಕಲೆಯೆಂದು ಹಂಗಿಸಲು ಬಳಸಿದ ಮಾತು ಕಾಲಾಂತರದಲ್ಲಿ ಹಂಗನ್ನು ಕಳೆದುಕೊಂಡು ಗೌರವನಾಮವಾಯಿತು. ಗುರುಪೀಠವಾಗಲಿ, ಪ್ರಣಾಳಿಕೆಯಾಗಲಿ, ಸದಸ್ಯರ ಪಟ್ಟಿಯಾಗಲಿ ಇಲ್ಲದ ಈ ಪಂಥವನ್ನು ಪಂಥವೆಂದು ಕರೆಯುವುದು ಸಲಿಗೆಯ ಮಾತೇ ಸರಿ. ಬೆಟ್ಟ, ಕಾಡು, ನದಿ, ಸಂಧ್ಯಾಕಾಶಗಳನ್ನು ನಾಯಕಸ್ಥಾನದಲ್ಲಿ ನಿಲ್ಲಿಸಿ, ಮನುಷ್ಯನನ್ನು ಪಟದ ಮೂಲೆಯಲ್ಲೊಂದು ಬಣ್ಣದ ಚುಕ್ಕೆಯಷ್ಟಕ್ಕೆ ಇಳಿಸಿ, ಹಾಗೆ ಇಳಿಸಿದ ಮೇಲೆಯೂ ಆ ಚುಕ್ಕೆಯ ಕೈಯಲ್ಲಿ ಒಂದು ಕೊಡಲಿಯನ್ನು ಮರೆಯದೆ ಇಟ್ಟವರು ಇವರು ಎಂಬುದಷ್ಟೇ ಇವರನ್ನು ಒಟ್ಟುಗೂಡಿಸುವ ಸೂತ್ರ.

ಯೂರೋಪಿನ ಅಕಾಡೆಮಿಗಳು ಚಿತ್ರಪ್ರಕಾರಗಳಿಗೆ ಕಟ್ಟಿದ್ದ ಮೆಟ್ಟಿಲುಗಳಲ್ಲಿ ಪುರಾಣೇತಿಹಾಸ ಚಿತ್ರಕ್ಕೆ ಎತ್ತರದ ಪೀಠವೂ ನಿಸರ್ಗಚಿತ್ರಕ್ಕೆ ಕೆಳಗಿನ ಹಂತವೂ ದೊರೆತಿದ್ದವು. ಹಳೆಯ ಕೋಟೆ ಕೊತ್ತಲಗಳಾಗಲಿ, ಹಾಳುಬಿದ್ದ ದೇಗುಲಗಳಾಗಲಿ, ಹಾಡಿಹೊಗಳಲು ಸಾವಿರ ವರ್ಷದ ರಾಜವಂಶಗಳಾಗಲಿ ತಮಗಿಲ್ಲವೆಂದು ಕೊರಗುತ್ತಿದ್ದ ಹೊಸ ಗಣರಾಜ್ಯದ ವಿದ್ಯಾವಂತರು, ಈ ಕೊರತೆಯನ್ನು ತುಂಬಲು ತಮ್ಮ ಕಾಡನ್ನೇ ಇತಿಹಾಸವೆಂದು ಭಾವಿಸಿಕೊಂಡರು; ಮನುಷ್ಯನ ಕೈ ಮುಟ್ಟದ ಬೆಟ್ಟವು ರೋಮಿನ ಭಗ್ನಸ್ತಂಭಕ್ಕಿಂತ ಹಳೆಯದು, ದೇವರ ಕೈಗೆ ಹತ್ತಿರದ್ದು ಎಂಬುದು ಅವರ ವಾದವಾಗಿದ್ದಿತು. ನಮ್ಮ ಆಲಂಕಾರಿಕರ ಮಾತಿನಲ್ಲಿ ಹೇಳುವುದಾದರೆ ಅದ್ಭುತ ಭಯಾನಕಗಳೆರಡೂ ಬೆರೆತ ಒಂದು ಭವ್ಯಾನುಭವ ಅವರಿಗೆ ಬೇಕಾಗಿದ್ದಿತು, ಅದು ಅವರಿಗೆ ಜಲಪಾತದ ಬುಡದಲ್ಲಿ ದೊರೆಯಿತು. ಆದರೆ ದುರ್ದೈವವೆಂದರೆ ಹಾಗೆ ದೊರೆತ ಗಳಿಗೆಯಲ್ಲಿಯೇ ಅದು ಕೈಜಾರತೊಡಗಿತು. ಹಡ್ಸನ್ ನದಿಯನ್ನು ಈರಿ ಸರೋವರಕ್ಕೆ ಕೂಡಿಸುವ 363 ಮೈಲಿಗಳ ಕಾಲುವೆ 1825ರಲ್ಲಿ ತೆರೆಯಿತು; 1830ರ ಕಾಯಿದೆಯಿಂದ ಮೂಲನಿವಾಸಿಗಳನ್ನು ಮಿಸಿಸಿಪ್ಪಿ ನದಿಯ ಆಚೆಗೆ ಅಟ್ಟುವ ಕಾರ್ಯಕ್ಕೆ ಸರ್ಕಾರದ ಮುದ್ರೆ ಬಿದ್ದಿತು; ಸಾಗುವಳಿಗೆ ಬರುವ ಕುಟುಂಬಕ್ಕೆ 160 ಎಕರೆ ಭೂಮಿಯನ್ನು 1862ರ ಶಾಸನ ಹಂಚಿತು; 1869ರ ಮೇ 10ರಂದು ಯೂಟಾ ಪ್ರಾಂತದ ಪ್ರಾಮಂಟರಿಯಲ್ಲಿ ಪೂರ್ವ ಪಶ್ಚಿಮಗಳ ಕಬ್ಬಿಣದ ಹಳಿಗಳು ಒಂದಾದವು. ಈ ನಾಲ್ಕು ತಾರೀಖುಗಳನ್ನು ಮುಂದಿಟ್ಟುಕೊಂಡು ನೋಡದವನಿಗೆ ಈ ಚಿತ್ರಗಳ ಪ್ರಶಾಂತಿ ಕೇವಲ ಪ್ರಶಾಂತಿಯಾಗಿಯೇ ಕಂಡೀತು.

ಪಂಥದ ಮೂಲಪುರುಷನಾದ ಥಾಮಸ್ ಕೋಲ್ ಹುಟ್ಟಿದುದು ಅಮೆರಿಕದಲ್ಲಲ್ಲ. 1801ರಲ್ಲಿ, ಇಂಗ್ಲೆಂಡಿನ ಲ್ಯಾಂಕಷೈರಿನ ಬೋಲ್ಟನ್ ಎಂಬಲ್ಲಿ. ಸ್ಯಾಮ್ಯುಯಲ್ ಕ್ರಾಂಪ್ಟನನು 1779ರಲ್ಲಿ ನೂಲುವ ಯಂತ್ರವೊಂದನ್ನು ನಿರ್ಮಿಸಿ ಜಗತ್ತಿನ ರಾಟೆಗಳನ್ನೆಲ್ಲ ಮೂಲೆಗುಂಪು ಮಾಡಿದ ಊರು ಅದು. ಬಾಲ್ಯದಲ್ಲಿಯೇ ಕೋಲನು ಚೀಟಿಬಟ್ಟೆಗೆ ಹೂಬಳ್ಳಿಗಳ ಅಚ್ಚು ಕೊರೆಯುವ ಕೆಲಸಕ್ಕೆ ಸೇರಿ, ಗಿರಣಿಯ ಹೊಗೆಯಲ್ಲಿ ಬೆಳೆದು, 1818ರಲ್ಲಿ ತಂದೆತಾಯಿ ಸೋದರಿಯರೊಡನೆ ಹಡಗು ಹತ್ತಿದನು. ವಿಸ್ಮಯದ ಸಂಗತಿಯೆಂದರೆ, ಪಂಥದ ಕೊನೆಯ ಮಹಾಚಿತ್ರಕಾರನಾದ ಥಾಮಸ್ ಮೊರಾನನೂ ಅದೇ ಬೋಲ್ಟನ್ನಿನವನು, 1837ರಲ್ಲಿ ಕೈಮಗ್ಗದ ನೇಕಾರನೊಬ್ಬನ ಮಗನಾಗಿ ಹುಟ್ಟಿ ಏಳನೆಯ ವಯಸ್ಸಿನಲ್ಲಿ ಅಮೆರಿಕಕ್ಕೆ ಬಂದವನು. ಅಮೆರಿಕದ ಅಡವಿಯನ್ನು ಕಣ್ಣರಳಿಸಿ ನೋಡಿದ ಮೊದಲಿಗನೂ ಕೊನೆಯವನೂ ಒಂದೇ ಗಿರಣಿಯೂರಿನ ಮಕ್ಕಳಾಗಿದ್ದುದು ಕೇವಲ ಕಾಕತಾಳೀಯವಾಗಿರಲಾರದು. ಯಂತ್ರ ಬಂದ ಮೇಲೆ ಊರು ಏನಾಗುತ್ತದೆಂಬುದನ್ನು ಅವರು ಓದಿ ತಿಳಿಯಬೇಕಾಗಿರಲಿಲ್ಲ. ಅದೇ ಲ್ಯಾಂಕಷೈರಿನ ಗಿರಣಿಗಳ ಹಸಿವಿಗೆಂದು ನಮ್ಮ ಧಾರವಾಡ ಸೀಮೆಯ ಎರೆಹೊಲಗಳಲ್ಲಿ 1840ರ ದಶಕದಲ್ಲಿ ಅಮೆರಿಕದ ಹತ್ತಿಬೀಜವನ್ನು ಬಿತ್ತಿಸಲಾಯಿತು, ‘ಧಾರವಾಡ-ಅಮೆರಿಕನ್’ ಎಂಬ ಅರಳೆಯ ಹೆಸರು ವರ್ತಕರ ಬಾಯಲ್ಲಿ ಬಹುಕಾಲ ಉಳಿದಿದ್ದಿತು ಎಂಬುದನ್ನು ಪ್ರಸಂಗವಶಾತ್ ನೆನೆಯಬಹುದು.

1825ರ ಶರತ್ಕಾಲದಲ್ಲಿ ಕೋಲನು ಉಗಿಹಡಗಿನಲ್ಲಿ ಹಡ್ಸನ್ ನದಿಯ ಮೇಲ್ದಿಕ್ಕಿಗೆ ಹೋಗಿ ಕ್ಯಾಟ್‌ಸ್ಕಿಲ್ ಬೆಟ್ಟಗಳಲ್ಲಿ ಅಲೆದು ಬಂದು ಬರೆದ ಮೂರು ಚಿತ್ರಗಳನ್ನು ನ್ಯೂಯಾರ್ಕಿನ ಅಂಗಡಿಯೊಂದರ ಕಿಟಕಿಯಲ್ಲಿ ಕಂಡು, ಜಾನ್ ಟ್ರಂಬುಲ್, ವಿಲಿಯಂ ಡನ್‌ಲ್ಯಾಪ್, ಆಷರ್ ಡ್ಯುರಾಂಡ್ ಎಂಬ ಮೂವರು ಕಲಾವಿದರು ತಲೆಗೊಂದರಂತೆ 25 ಡಾಲರಿಗೆ ಕೊಂಡುಕೊಂಡರೆಂಬುದು ಈ ಪಂಥದ ಜನ್ಮಕಥೆ. ಆ ಬೆಟ್ಟಗಳು ಆಗಲೇ ಅಷ್ಟೇನೂ ನಿರ್ಜನವಾಗಿರಲಿಲ್ಲ. ಪ್ರವಾಸಿಗರಿಗಾಗಿ 1824ರಲ್ಲಿಯೇ ಅಲ್ಲಿ ದೊಡ್ಡದೊಂದು ಹೋಟೆಲು ತೆರೆದಿದ್ದಿತು. ಕಣಿವೆಗಳಲ್ಲಿ ಚರ್ಮ ಹದಮಾಡುವ ಕಾರ್ಖಾನೆಗಳಿದ್ದು, ನಮ್ಮಲ್ಲಿ ತಂಗಡಿಯ ತೊಗಟೆಯನ್ನು ಬಳಸುವಂತೆ ಅವರು ಹೆಮ್ಲಾಕ್ ಮರದ ತೊಗಟೆಯನ್ನು ಸುಲಿದುಕೊಂಡು ಮರವನ್ನು ಬಿದ್ದಲ್ಲಿಯೇ ಕೊಳೆಯಬಿಡುತ್ತಿದ್ದರು. ಉಗಿಹಡಗಿನಲ್ಲಿ ಹೋಗಿ, ಹೋಟೆಲನ್ನು ಬಿಟ್ಟು, ಕಾರ್ಖಾನೆಯನ್ನು ಮರೆಸಿ, ಆದಿಮಾರಣ್ಯವನ್ನು ಬರೆಯುವ ಪದ್ಧತಿ ಹೀಗೆ ಮೊದಲ ದಿನದಿಂದಲೇ ನೆಲೆಗೊಂಡಿತು; ಮುಂದಿನ ಅರ್ಧ ಶತಮಾನದ ಕಥೆಯಲ್ಲಿ ಬದಲಾದುದು ವಾಹನವೊಂದೇ.

ಆದರೆ ಕೋಲನು ಕೇವಲ ಮರೆಸುವವನಾಗಿರಲಿಲ್ಲ. ಯೂರೋಪಿನ ಪ್ರವಾಸ ಮುಗಿಸಿ ಬಂದ ಮೇಲೆ, ಲೂಮನ್ ರೀಡ್ ಎಂಬ ವರ್ತಕನ ಆಶ್ರಯದಲ್ಲಿ, 1833ರಿಂದ 1836ರವರೆಗೆ ಆತ ಬರೆದ ‘ಸಾಮ್ರಾಜ್ಯದ ಗತಿ’ ಎಂಬ ಐದು ಚಿತ್ರಗಳ ಮಾಲಿಕೆಯಲ್ಲಿ ಒಂದೇ ಕೊಲ್ಲಿ, ನೆತ್ತಿಯ ಮೇಲೆ ಒಂದೇ ಹೆಬ್ಬಂಡೆಯನ್ನು ಹೊತ್ತ ಒಂದೇ ಬೆಟ್ಟ, ಬೇಟೆಗಾರರ ಬೆಳಗಿನಿಂದ ಕುರುಬರ ಪೂರ್ವಾಹ್ನಕ್ಕೂ, ಅಮೃತಶಿಲೆಯ ಮಹಾನಗರದ ಮಧ್ಯಾಹ್ನಕ್ಕೂ, ಅಲ್ಲಿಂದ ಕೊಳ್ಳಿ ಕೊಲೆಗಳ ಸಂಜೆಗೂ, ಕೊನೆಗೆ ಹಾಳುಕಂಬವೊಂದರ ಮೇಲೆ ಹಕ್ಕಿ ಗೂಡುಕಟ್ಟಿದ ಬೆಳದಿಂಗಳಿಗೂ ಸಾಗುತ್ತದೆ. ತನ್ನ ನಾಡು ಮೂರನೆಯ ಚಿತ್ರದ ಕಡೆಗೆ ಧಾವಿಸುತ್ತಿದ್ದಾಗ ನಾಲ್ಕು ಐದನೆಯವನ್ನೂ ಬರೆದು ತೋರಿಸಿದ ಎದೆಗಾರಿಕೆ ಆತನದು. ಮಾಲಿಕೆ ಮುಗಿಯುವ ಮುನ್ನವೇ ರೀಡ್ ತೀರಿಕೊಂಡನು. ಪ್ರೇಕ್ಷಕರು ಚಿತ್ರಗಳನ್ನು ಮೆಚ್ಚಿ, ಇದು ಹಳೆಯ ರೋಮಿನ ಕಥೆಯೆಂದುಕೊಂಡು ನಿಶ್ಚಿಂತರಾಗಿ ಮನೆಗೆ ಹೋಗಿರಬೇಕು.

ಈ ಮಾಲಿಕೆಯ ನಡುವೆ ಬಿಡುವು ಮಾಡಿಕೊಂಡು 1836ರಲ್ಲಿ ಕೋಲ್ ಬರೆದ, ಸಾಮಾನ್ಯವಾಗಿ ‘ಆಕ್ಸ್‌ಬೋ’ ಎಂದು ಕರೆಯಲಾಗುವ ಚಿತ್ರವನ್ನು ಇಲ್ಲಿ ತುಸು ನಿಂತು ನೋಡಬೇಕು. ಮ್ಯಾಸಚೂಸೆಟ್ಸಿನ ಹೋಲಿಯೋಕ್ ಬೆಟ್ಟದ ತುದಿಯಿಂದ, ಗುಡುಗುಮಳೆ ಸರಿದ ಮೇಲೆ, ಕನೆಕ್ಟಿಕಟ್ ನದಿ ಎತ್ತಿನ ಕೊರಳಿಗೆ ಹಾಕುವ ನೊಗಬಿಲ್ಲಿನಂತೆ ಬಳಸಿ ಹರಿಯುವ ನೋಟ ಅದು. ಅಗಲ ಸುಮಾರು 193 ಸೆಂಟಿಮೀಟರು. ಎಡಭಾಗದಲ್ಲಿ ಸಿಡಿಲು ಬಡಿದ ಮರ, ಕಪ್ಪು ಮೋಡ, ತೊಯ್ದ ಬಂಡೆ. ಬಲಭಾಗದಲ್ಲಿ ಬಿಸಿಲು, ಕುಯ್ಲಾದ ಹುಲ್ಲಿನ ಮೆದೆಗಳು, ಚೌಕಚೌಕವಾದ ಹೊಲಗಳು, ಮೇಲೇಳುವ ಒಲೆಹೊಗೆ. ಇವೆರಡನ್ನೂ ಬೇರ್ಪಡಿಸುವ ಓರೆಗೆರೆ ಪಟದ ಒಂದು ಮೂಲೆಯಿಂದ ಇನ್ನೊಂದಕ್ಕೆ ಇಳಿಯುತ್ತದೆ. ಮುಂಭಾಗದ ಬಂಡೆಗಳ ಸಂದಿನಲ್ಲಿ, ಹುಡುಕಿದರೆ ಮಾತ್ರ ಕಾಣುವಷ್ಟು ಚಿಕ್ಕದಾಗಿ, ಟೋಪಿ ಧರಿಸಿದ ಚಿತ್ರಕಾರನೊಬ್ಬನು ಪಟದ ಮುಂದೆ ಕುಳಿತು ಹಿಂದಿರುಗಿ ನಮ್ಮತ್ತ ನೋಡುತ್ತಿದ್ದಾನೆ. ಆತನ ಕೊಡೆ ಬಂಡೆಯಂಚಿನಿಂದ ನದಿಯ ಕಡೆಗೆ ಚಾಚಿದೆ. ಆತ ಕೋಲನೇ. ದೂರದ ಗುಡ್ಡದ ಮೇಲೆ ಮರ ಕಡಿದು ಬೋಳಾದ ಗಾಯಗಳಿವೆ. ಆ ಗಾಯಗಳ ವಿನ್ಯಾಸದಲ್ಲಿ ಕೆಲವು ವಿದ್ವಾಂಸರು ಹೀಬ್ರೂ ಅಕ್ಷರಗಳನ್ನು ಓದಿ, ನೋಹನ ಹೆಸರೆಂದೂ ತಲೆಕೆಳಗಾಗಿ ನೋಡಿದರೆ ಸರ್ವಶಕ್ತನ ನಾಮವೆಂದೂ ಅರ್ಥಮಾಡಿದ್ದಾರೆ. ಅಷ್ಟು ದೂರ ಹೋಗದಿದ್ದರೂ ಬಾಧಕವಿಲ್ಲ. ಬೋಳುಗುಡ್ಡವನ್ನು ಆತ ಕಂಡಿದ್ದನು, ಬಿಡದೆ ಬರೆದನು ಎಂಬುದೇ ಸಾಕು.

ಅದೇ ವರ್ಷ ಪ್ರಕಟವಾದ ಅಮೆರಿಕದ ನಿಸರ್ಗಸೌಂದರ್ಯವನ್ನು ಕುರಿತ ಪ್ರಬಂಧದಲ್ಲಿ ಕೋಲನು ಕೊಡಲಿಯ ಹಾವಳಿಯನ್ನು ಕುರಿತು ನೊಂದು ಬರೆದಿದ್ದಾನೆ. ಆತ ನೆಲೆಸಿದ್ದ ಕ್ಯಾಟ್‌ಸ್ಕಿಲ್ ಊರಿನ ತೊರೆಯ ಕಣಿವೆಯಲ್ಲಿಯೇ ಆಗ ರೈಲುಹಾದಿಗಾಗಿ ಮರಗಳು ಉರುಳುತ್ತಿದ್ದವು. ಈ ನೋವಿನ ಸಾಕ್ಷ್ಯ ಎರಡು ಚಿತ್ರಗಳನ್ನು ಒತ್ತೊತ್ತಿಗೆ ಇಟ್ಟಾಗ ದೊರೆಯುತ್ತದೆ. 1836-37ರಲ್ಲಿ ಬರೆದ ಕ್ಯಾಟ್‌ಸ್ಕಿಲ್ ತೊರೆಯ ಚಿತ್ರದಲ್ಲಿ ಎತ್ತರದ ಮರಗಳು ಎರಡೂ ಮಗ್ಗುಲಿಗೆ ತೆರೆಯಂತೆ ನಿಂತಿವೆ, ತಾಯಿಯೊಬ್ಬಳು ಮಗುವಿಗೆ ಹೂ ನೀಡುತ್ತಿದ್ದಾಳೆ. ಸರಿಸುಮಾರು ಅದೇ ಸ್ಥಳದಿಂದ 1843ರಲ್ಲಿ ಬರೆದ ಚಿತ್ರದಲ್ಲಿ ಆ ಮರಗಳಿಲ್ಲ, ತಾಯಿಯ ಸ್ಥಾನದಲ್ಲಿ ಕೊಡಲಿ ಹಿಡಿದ ಗಂಡಸೊಬ್ಬ ನಿಂತಿದ್ದಾನೆ, ಸುತ್ತಲೂ ಕಡಿದ ಕೊಂಬೆರೆಂಬೆಗಳು, ಬಹುದೂರದ ಸೇತುವೆಯ ಮೇಲೆ ಉಗುರಿನಷ್ಟು ಗಾತ್ರದ ಹೊಗೆಬಂಡಿ. ಬೈಗುಳವಿಲ್ಲ, ಬೋಧನೆಯಿಲ್ಲ. ಅಮೆರಿಕದ ತೈಲಚಿತ್ರಗಳಲ್ಲಿ ಹೊಗೆಬಂಡಿ ಕಾಣಿಸಿಕೊಂಡ ಮೊದಮೊದಲ ಸಂದರ್ಭಗಳಲ್ಲಿ ಇದೊಂದು.

1848ರಲ್ಲಿ ಕೋಲ್ ತೀರಿಕೊಂಡಾಗ ಆತನ ಸ್ಮರಣೆಗಾಗಿ ಡ್ಯುರಾಂಡ್ ಬರೆದ ‘ಸಮಾನಮನಸ್ಕರು’ ಎಂಬ 1849ರ ಚಿತ್ರದಲ್ಲಿ ಕೋಲನೂ ಕವಿ ವಿಲಿಯಂ ಕಲೆನ್ ಬ್ರಯಂಟನೂ ಕ್ಯಾಟ್‌ಸ್ಕಿಲ್ ಕಮರಿಯೊಂದರ ಬಂಡೆಯ ಮೇಲೆ ನಿಂತು ಮಾತನಾಡುತ್ತಿದ್ದಾರೆ. ಎಲೆ ಎಲೆಯನ್ನೂ ಎಣಿಸಿ ಬರೆದ ಈ ಕಾಡಿನಲ್ಲಿ ಡ್ಯುರಾಂಡನ ಹಳೆಯ ವೃತ್ತಿಯಾದ ಲೋಹಕೆತ್ತನೆಯ ಕೈ ಕಾಣುತ್ತದೆ. ಇದನ್ನು ಬರೆಸಿದವನು ಜೊನಾಥನ್ ಸ್ಟರ್ಜಸ್, ರೀಡನ ವ್ಯಾಪಾರದ ಪಾಲುದಾರ, ಮುಂದೆ ಇಲಿನಾಯ್ ಸೆಂಟ್ರಲ್ ರೈಲ್ವೆಯನ್ನು ಹುಟ್ಟುಹಾಕಿದವರಲ್ಲೊಬ್ಬ. ಡ್ಯುರಾಂಡನು 1853ರಲ್ಲಿ ಬರೆದ ‘ಪ್ರಗತಿ’ ಎಂಬ ಚಿತ್ರದಲ್ಲಿ ಎಡಗಡೆಯ ಬಂಡೆಯಂಚಿನಲ್ಲಿ, ಮುರಿದ ಮರಗಳ ನಡುವೆ, ಮೂಲನಿವಾಸಿಗಳ ಗುಂಪೊಂದು ನಿಂತು ಬಲಗಡೆಯ ಕಣಿವೆಯತ್ತ ನೋಡುತ್ತಿದೆ. ಅಲ್ಲಿ ದನ ಹೊಡೆದುಕೊಂಡು ಹೋಗುವವರು, ತಂತಿಕಂಬಗಳು, ಕಾಲುವೆ, ಹೊಗೆಬಂಡಿ, ಉಗಿಹಡಗುಗಳು, ಎಲ್ಲವನ್ನೂ ಚಿನ್ನದ ಬೆಳಕು ಅಪ್ಪಿಕೊಂಡಿದೆ. ಕೋಲನ ಚಿತ್ರದಲ್ಲಿ ಪ್ರಶ್ನೆಯಾಗಿದ್ದುದು ಗೆಳೆಯನ ಚಿತ್ರದಲ್ಲಿ ಉತ್ತರವಾಯಿತು. ಉತ್ತರವನ್ನು ಬರೆಸಿದವರು ಯಾರೆಂಬುದನ್ನು ಕೇಳಿದರೆ ಅದೂ ಒಬ್ಬ ವ್ಯಾಪಾರಗಾರನೇ.

ಹಣ ಕೊಟ್ಟವನ ಇಚ್ಛೆಗೂ ಚಿತ್ರಕಾರನ ಕಣ್ಣಿಗೂ ನಡುವಿನ ಜಗ್ಗಾಟಕ್ಕೆ ಜಾರ್ಜ್ ಇನ್ನೆಸನ ‘ಲ್ಯಾಕವಾನಾ ಕಣಿವೆ’ಗಿಂತ ಒಳ್ಳೆಯ ನಿದರ್ಶನವಿಲ್ಲ. 1850ರ ದಶಕದ ನಡುವಿನಲ್ಲಿ ಡೆಲವೇರ್, ಲ್ಯಾಕವಾನಾ ಮತ್ತು ವೆಸ್ಟರ್ನ್ ರೈಲ್ವೆ ಕಂಪನಿಯವರು ಪೆನ್ಸಿಲ್ವೇನಿಯದ ಸ್ಕ್ರಾಂಟನ್ನಿನಲ್ಲಿ ತಾವು ಕಟ್ಟುತ್ತಿದ್ದ, ಎಂಜಿನುಗಳನ್ನು ನಿಲ್ಲಿಸುವ ಗುಂಡಗಿನ ಕಟ್ಟಡವನ್ನು ಬರೆದುಕೊಡಲು ಈತನಿಗೆ 75 ಡಾಲರು ಕೊಟ್ಟರು. ಇನ್ನೂ ಹಾಕದಿದ್ದ ಹಳಿಗಳನ್ನೂ ಹಾಕಿದಂತೆ ಬರೆಯಬೇಕೆಂದು ಕಟ್ಟುಮಾಡಿದರು. ಇನ್ನೆಸ್ ಬರೆದನು. ಆದರೆ ಮುಂದುಗಡೆ ಇಡೀ ಹುಲ್ಲುಗಾವಲಿನ ತುಂಬ ಕಡಿದ ಮರಗಳ ಬೊಡ್ಡೆಗಳನ್ನು ಒಂದೊಂದಾಗಿ ನೆಟ್ಟು, ಅವುಗಳ ನಡುವೆ ಒಂಟಿಯಾಗಿ ನಿಂತ ದೊಡ್ಡ ಮರದ ಬಳಿ, ಕೆಂಪು ಅಂಗಿ ತೊಟ್ಟ ಹುಡುಗನೊಬ್ಬನನ್ನು ಒರಗಿ ಕುಳ್ಳಿರಿಸಿದನು. ಹುಡುಗನ ಬೆನ್ನು ನಮಗೆ ಕಾಣುತ್ತದೆ, ಮುಖ ಕಾಣುವುದಿಲ್ಲ. ತನ್ನತ್ತ ಬರುತ್ತಿರುವ ಬಂಡಿಯನ್ನು ಅವನು ಹಿಗ್ಗಿನಿಂದ ನೋಡುತ್ತಿರುವನೋ ಕಳವಳದಿಂದಲೋ ಎಂಬುದನ್ನು ಬಹುಕಾಲದಿಂದ ವಿಮರ್ಶಕರು ಚರ್ಚಿಸುತ್ತಲೇ ಇದ್ದಾರೆ. ಬಂಡಿಯ ಬಿಳಿಯ ಹೊಗೆಗೂ ಕಣಿವೆಯ ಮಂಜಿಗೂ ಇನ್ನೆಸ್ ಒಂದೇ ಬಣ್ಣ ಬಳಿದಿದ್ದಾನೆ. ಇದು ಸಮಾಧಾನವೇ ಜಾಣತನವೇ ಎಂಬುದೂ ನಿರ್ಣಯವಾಗದ ಮಾತು. ಕಂಪನಿಯ ಕೈತಪ್ಪಿದ ಆ ಚಿತ್ರವನ್ನು ಮುಪ್ಪಿನಲ್ಲಿ ಇನ್ನೆಸನೇ ಮೆಕ್ಸಿಕೋ ನಗರದ ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ ಕಂಡು ಕೊಂಡು ತಂದನು. ಈಗ ಅದು ವಾಷಿಂಗ್ಟನ್ನಿನ ರಾಷ್ಟ್ರೀಯ ಚಿತ್ರಶಾಲೆಯಲ್ಲಿದೆ.

ಮರದ ಬೊಡ್ಡೆ ಈ ಪಂಥದ ಮುದ್ರೆಯೆಂದರೆ ಉತ್ಪ್ರೇಕ್ಷೆಯಾಗದು. ಒಕ್ಕಲಿಗನಿಗೆ ಅದು ಗೆದ್ದ ಭೂಮಿಯ ಗುರುತು, ಕವಿಗೆ ಗೋರಿಕಲ್ಲು. ಒಂದೇ ಬೊಡ್ಡೆಯನ್ನು ಎರಡೂ ರೀತಿಯಲ್ಲಿ ನೋಡಬಲ್ಲ ಗಿರಾಕಿಗಳು ಚಿತ್ರಕಾರನಿಗೆ ದೊರೆಯುತ್ತಿದ್ದುದರಿಂದ ಆತನೂ ಅರ್ಥವನ್ನು ಬಿಡಿಸಿ ಹೇಳಲು ಹೋಗಲಿಲ್ಲ. ಸ್ಯಾನ್‌ಫರ್ಡ್ ಗಿಫರ್ಡನ ‘ಹಂಟರ್ ಬೆಟ್ಟ, ಮುಸ್ಸಂಜೆ’ ಎಂಬ 1866ರ ಚಿತ್ರದಲ್ಲಿ ಮುಂಭಾಗವೆಲ್ಲ ಬೊಡ್ಡೆಗಳೇ. ತೊಗಟೆಗಾಗಿ ಬಿದ್ದ ಹೆಮ್ಲಾಕುಗಳ ಶ್ಮಶಾನದ ಮೇಲೆ ಕೆನ್ನೀಲಿಯ ಸಂಜೆ ಇಳಿದು, ಹಸುಗಳು ತೊರೆಗೆ ನೀರಿಗೆ ಬಂದಿವೆ. ಇದನ್ನು ಕೊಂಡವನು ಮರದ ವ್ಯಾಪಾರದಿಂದ ಸಿರಿವಂತರಾಗಿದ್ದ ಮನೆತನದ ಜೇಮ್ಸ್ ಪಿಂಚೋ. ಈತ 1865ರಲ್ಲಿ ಹುಟ್ಟಿದ ತನ್ನ ಮಗನಿಗೆ ಚಿತ್ರಕಾರನ ಹೆಸರನ್ನೇ ಇಟ್ಟನು. ಆ ಗಿಫರ್ಡ್ ಪಿಂಚೋ 1905ರಲ್ಲಿ ಅಮೆರಿಕ ಸರ್ಕಾರದ ಅರಣ್ಯಸೇವೆಯ ಮೊದಲ ಮುಖ್ಯಸ್ಥನಾದನು. ಚಿತ್ರವೊಂದು ಮರವನ್ನು ಉಳಿಸಬಲ್ಲುದೇ ಎಂದು ಕೇಳುವವರಿಗೆ ಹೇಳಬಹುದಾದ ಕಥೆ ಇದೊಂದೇ ಇರಬೇಕು.

ಕೋಲನ ಶಿಷ್ಯ ಫ್ರೆಡರಿಕ್ ಚರ್ಚನ ಕೀರ್ತಿ ಗುರುವಿನದನ್ನು ಮೀರಿತು. ‘ನಯಾಗರ’ (1857) ಚಿತ್ರದಲ್ಲಿ ನೋಡುವವನ ಕಾಲಕೆಳಗೆ ನೆಲವನ್ನೇ ಬಿಡದೆ ನೇರವಾಗಿ ನೀರಿನ ಅಂಚಿನಲ್ಲಿ ನಿಲ್ಲಿಸಿದ ಈತ, 1859ರಲ್ಲಿ ‘ಆಂಡೀಸಿನ ಹೃದಯ’ವನ್ನು ಪರದೆ ಕಟ್ಟಿದ ಕಿಟಕಿಯಂತಹ ಚೌಕಟ್ಟಿನಲ್ಲಿ ನ್ಯೂಯಾರ್ಕಿನಲ್ಲಿ ಪ್ರದರ್ಶಿಸಿದಾಗ ಹನ್ನೆರಡು ಸಾವಿರಕ್ಕೂ ಮಿಕ್ಕ ಜನ 25 ಸೆಂಟು ತೆತ್ತು, ನಾಟಕದ ದುರ್ಬೀನು ಹಿಡಿದು, ಒಂದೊಂದೇ ಎಲೆಯನ್ನು ನೋಡಿ ಹೋದರು, ಚಿತ್ರ 10,000 ಡಾಲರಿಗೆ ಮಾರಾಟವಾಯಿತು. ಹೊಸ ಕ್ಯಾಡ್ಮಿಯಂ ಬಣ್ಣಗಳು ಬಂದುದರಿಂದ ಸಾಧ್ಯವಾದ ಕೆಂಪುಹಳದಿಗಳಲ್ಲಿ 1860ರಲ್ಲಿ ಆತ ಬರೆದ ‘ಅಡವಿಯಲ್ಲಿ ಸಂಜೆ’ಯನ್ನು ನೋಡುವಾಗ, ಇಷ್ಟು ಉಜ್ಜ್ವಲವಾದ ಕಾಡಿನ ಆಕಾಶ ಕೈಗಾರಿಕೆಯ ರಸಾಯನಶಾಲೆಯಲ್ಲಿ ಹುಟ್ಟಿದುದೆಂಬ ವಿಚಾರ ನಗು ತರಿಸುತ್ತದೆ. 1841ರಲ್ಲಿ ಜಾನ್ ರ್‍ಯಾಂಡ್ ಎಂಬ ಚಿತ್ರಕಾರ ತವರದ ಬಣ್ಣದ ಕೊಳವೆಗೆ ಹಕ್ಕುಪತ್ರ ಪಡೆಯದಿದ್ದರೆ ಬಣ್ಣ ಹೊತ್ತು ಬೆಟ್ಟ ಹತ್ತುವುದೂ ಇಷ್ಟು ಸುಲಭವಾಗುತ್ತಿರಲಿಲ್ಲ.

ಅಪ್ಪಲಾಚಿಯನ್ ಬೆಟ್ಟಗಳು ಪ್ರವಾಸಿಗರ ತಿರುಗಾಟದ ಜಾಗವಾದ ಮೇಲೆ ಭವ್ಯತೆಯನ್ನು ಹುಡುಕಿಕೊಂಡು ಇನ್ನೂ ಪಶ್ಚಿಮಕ್ಕೆ ಹೋಗುವುದು ಅನಿವಾರ್ಯವಾಯಿತು. ಜರ್ಮನಿಯಲ್ಲಿ ಹುಟ್ಟಿ ಎರಡನೆಯ ವಯಸ್ಸಿನಲ್ಲಿ ಅಮೆರಿಕಕ್ಕೆ ಬಂದ ಆಲ್ಬರ್ಟ್ ಬೀರ್‌ಸ್ಟಾಟ್ 1859ರಲ್ಲಿ, ಬಂಡಿದಾರಿಯ ಸರ್ವೆಗೆ ಹೊರಟಿದ್ದ ಕರ್ನಲ್ ಲ್ಯಾಂಡರನ ತಂಡವನ್ನು ಕೂಡಿಕೊಂಡು ರಾಕಿ ಪರ್ವತಗಳನ್ನು ಕಂಡು ಬಂದು, 1863ರಲ್ಲಿ ಮೂರು ಮೀಟರಿಗೂ ಅಗಲವಾದ ಪಟವೊಂದನ್ನು ಮುಗಿಸಿದನು. ಮುಂಭಾಗದಲ್ಲಿ ಶೋಶೋನಿ ಜನರ ಬಿಡಾರ, ನಡುವೆ ಜಲಪಾತ, ಹಿಂದೆ ಆಲ್ಪ್ಸ್ ಪರ್ವತವನ್ನು ನೆನಪಿಗೆ ತರುವ, ವಾಸ್ತವಕ್ಕಿಂತ ಎಷ್ಟೋ ಕಡಿದಾದ ಹಿಮಶಿಖರ. ಅಂತರ್ಯುದ್ಧದ ಗಾಯಾಳುಗಳ ಸಹಾಯಾರ್ಥವಾಗಿ 1864ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಮೇಳದಲ್ಲಿ ಅದನ್ನು ಚರ್ಚನ ‘ಆಂಡೀಸಿನ ಹೃದಯ’ಕ್ಕೆ ಎದುರಾಗಿ ತೂಗುಹಾಕಿದ್ದರು. ಮರುವರ್ಷ ರೈಲ್ವೆ ಹಣಗಾರನಾದ ಜೇಮ್ಸ್ ಮೆಕ್‌ಹೆನ್ರಿ ಅದನ್ನು 25,000 ಡಾಲರಿಗೆ ಕೊಂಡನು. ಸೆಂಟ್ರಲ್ ಪೆಸಿಫಿಕ್ ರೈಲ್ವೆಯ ಕಾಲಿಸ್ ಹಂಟಿಂಗ್ಟನ್ ಹೇಳಿ ಬರೆಸಿದ ‘ಶಿಖರದಿಂದ ಡಾನರ್ ಸರೋವರ’ (1873) ಇನ್ನೂ ಮಾರ್ಮಿಕವಾದುದು: ಅರುಣೋದಯದ ಕಣಿವೆಯ ಬಲಬದಿಗೆ, ಹಿಮ ಬೀಳದಂತೆ ಹಳಿಗಳ ಮೇಲೆ ಕಟ್ಟಿದ ಮರದ ಚಪ್ಪರಗಳು ಗೆರೆಯಂತೆ ಕಾಣುತ್ತವೆ; ಆ ಬಂಡೆಗಳಲ್ಲಿ ಸುರಂಗ ಕೊರೆದ ಸಾವಿರಾರು ಚೀನೀ ಕೂಲಿಗಳಲ್ಲಿ ಒಬ್ಬನೂ ಕಾಣುವುದಿಲ್ಲ. ಬೀರ್‌ಸ್ಟಾಟನ ಕೈ ಬಲ್ಲಿದವಾದರೂ ಆತನ ಬೆಳಕು ಬಹಳ ಸಲ ರಂಗಮಂದಿರದ ಬೆಳಕೆಂಬುದನ್ನು ಆತನ ಕಾಲದವರೇ ಹೇಳಿದ್ದರು, ಆ ಮಾತನ್ನು ತಳ್ಳಿಹಾಕುವಂತಿಲ್ಲ.

ಚಿತ್ರಶಾಲೆಯ ಸೂಕ್ಷ್ಮಗಳು ಕಲ್ಲಚ್ಚಿನ ಅಗ್ಗದ ಪಟಗಳಿಗೆ ಬೇಕಾಗಿರಲಿಲ್ಲ. ಕರಿಯರ್ ಮತ್ತು ಐವ್ಸ್ ಕಂಪನಿಗಾಗಿ ಫ್ಯಾನಿ ಪಾಮರ್ ಎಂಬಾಕೆ 1868ರಲ್ಲಿ ರಚಿಸಿದ ಪಟದಲ್ಲಿ ರೈಲುಹಳಿ ಲೋಕವನ್ನೇ ಸೀಳಿಕೊಂಡು ದಿಗಂತಕ್ಕೆ ಓಡುತ್ತದೆ. ಒಂದು ಕಡೆ ಮರದ ಮನೆಗಳು, ಶಾಲೆ, ಮರ ಕಡಿಯುವವರು. ಇನ್ನೊಂದು ಕಡೆ ಕುದುರೆಯ ಮೇಲಿನ ಇಬ್ಬರು ಮೂಲನಿವಾಸಿಗಳು, ಅವರ ಮೇಲೆಯೇ ಎಂಜಿನಿನ ಹೊಗೆ ಕವಿಯುತ್ತಿದೆ. ಜಾನ್ ಗ್ಯಾಸ್ಟ್ 1872ರಲ್ಲಿ ಪ್ರವಾಸ ಕೈಪಿಡಿಗಳ ಪ್ರಕಾಶಕ ಕ್ರೊಫಟನಿಗಾಗಿ ಬರೆದ ‘ಅಮೆರಿಕದ ಪ್ರಗತಿ’ಯಲ್ಲಿ ಹಣೆಯಲ್ಲಿ ನಕ್ಷತ್ರ ಧರಿಸಿದ ದೇವತೆಯೊಬ್ಬಳು ಒಂದು ಕೈಯಲ್ಲಿ ಶಾಲಾಪುಸ್ತಕವನ್ನೂ ಇನ್ನೊಂದರಲ್ಲಿ ತಂತಿಯನ್ನೂ ಹಿಡಿದು ಗಾಳಿಯಲ್ಲಿ ತೇಲಿ ಬರುತ್ತಾಳೆ, ಅವಳ ಮುಂದೆ ಕಾಡೆಮ್ಮೆಗಳೂ ಮನುಷ್ಯರೂ ಕತ್ತಲೆಯೊಳಕ್ಕೆ ಓಡುತ್ತಾರೆ. ಪಠ್ಯಪುಸ್ತಕಗಳಲ್ಲೆಲ್ಲ ಕಾಣುವ ಈ ಚಿತ್ರದ ಮೂಲಪ್ರತಿ ಒಂದು ಗೇಣು ಎತ್ತರ ಹೆಚ್ಚೆಂದರೆ ಎರಡು ಗೇಣು ಅಗಲದ್ದು.

ಮೊರಾನನ ಪ್ರವಾಸ ಈ ಎಲ್ಲ ಎಳೆಗಳನ್ನೂ ಗಂಟುಹಾಕುತ್ತದೆ. ಯೆಲ್ಲೋಸ್ಟೋನ್ ಪ್ರದೇಶವನ್ನು ಕಾಣದೆಯೇ ಪತ್ರಿಕೆಯೊಂದರ ಲೇಖನಕ್ಕೆ ಚಿತ್ರಗಳನ್ನು ತಿದ್ದಿಕೊಟ್ಟಿದ್ದ ಈತ, ಅದನ್ನು ಕಣ್ಣಾರೆ ಕಾಣುವ ಹಂಬಲದಿಂದ ನಾರ್ದರ್ನ್ ಪೆಸಿಫಿಕ್ ರೈಲ್ವೆಯ ಹಣಗಾರ ಜೇ ಕುಕನಿಂದ 500 ಡಾಲರು ಸಾಲ ಪಡೆದು, 1871ರಲ್ಲಿ ಹೇಡನ್ನನ ಭೂವಿಜ್ಞಾನ ಸರ್ವೆಯನ್ನು ಕೂಡಿಕೊಂಡನು. ಸವಾರಿ ರೂಢಿಯಿಲ್ಲದ ಈ ಬಡಕಲು ಮನುಷ್ಯ ಜೀನಿನ ಮೇಲೆ ದಿಂಬು ಹಾಕಿಕೊಂಡು ಬೆಟ್ಟ ಹತ್ತಿಳಿದನಂತೆ. ಆತನ ಜಲವರ್ಣಗಳೂ ಛಾಯಾಗ್ರಾಹಕ ವಿಲಿಯಂ ಹೆನ್ರಿ ಜಾಕ್ಸನನ ಛಾಯಾಚಿತ್ರಗಳೂ ಕಾಂಗ್ರೆಸ್ಸಿನ ಸದಸ್ಯರ ಕೈಗೆ ಹೋದವು. 1872ರ ಮಾರ್ಚ್ 1ರಂದು ಅಧ್ಯಕ್ಷ ಗ್ರಾಂಟ್ ರುಜುಹಾಕಿ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನವಾಯಿತು. ಏಳಡಿ ಎತ್ತರ ಹನ್ನೆರಡಡಿ ಅಗಲದ ಮೊರಾನನ ಕಣಿವೆಯ ಚಿತ್ರವನ್ನು ಕಾಂಗ್ರೆಸ್ಸು 10,000 ಡಾಲರಿಗೆ ಕೊಂಡಿತು. ಕಾಡನ್ನು ಕಾಯುವುದಕ್ಕೂ ಕಾಡಿಗೆ ಪ್ರವಾಸಿಗಳನ್ನು ಸಾಗಿಸಿ ಟಿಕೆಟ್ಟು ಮಾರುವುದಕ್ಕೂ ಒಂದೇ ಚಿತ್ರ ಸಾಲುತ್ತದೆಂಬುದನ್ನು ರೈಲ್ವೆಯವರು ಚೆನ್ನಾಗಿ ಅರಿತಿದ್ದರು.

ಆದರೆ ಮೊರಾನನ ಮನಸ್ಸಿನ ಗುಟ್ಟು ಯೆಲ್ಲೋಸ್ಟೋನಿನಲ್ಲಿಲ್ಲ, ವಯೋಮಿಂಗಿನ ಗ್ರೀನ್ ನದಿಯ ದಂಡೆಯಲ್ಲಿದೆ. 1871ರಲ್ಲಿ ಯೂನಿಯನ್ ಪೆಸಿಫಿಕ್ ರೈಲಿನಲ್ಲಿ ಬಂದು ಇಳಿದ ಆತ ಅಲ್ಲಿನ ಕೆಂಪು ಕೋಡುಗಲ್ಲುಗಳನ್ನು ಕಂಡು, ಪಶ್ಚಿಮದಲ್ಲಿ ತಾನು ಬರೆದ ಮೊದಲ ಚಿತ್ರವೆಂದು ಗುರುತು ಹಾಕಿ ಒಂದು ಜಲವರ್ಣವನ್ನು ಬರೆದನು. ಆಗ ಅಲ್ಲಿ ರೈಲ್ವೆ ಊರೊಂದು ಎದ್ದು ನಿಂತಿದ್ದಿತು: ಶಾಲೆ, ಹೋಟೆಲು, ಚರ್ಚು, ಬಿಯರು ತಯಾರಿಸುವ ಭಟ್ಟಿ. ಮುಂದೆ ಹಲವು ದಶಕಗಳವರೆಗೆ ಆತ ಆ ಕೋಡುಗಲ್ಲುಗಳನ್ನು ಮತ್ತೆ ಮತ್ತೆ ಬರೆದನು. 1881ರ ತೈಲಚಿತ್ರದಲ್ಲಿ ಸಂಜೆಬಿಸಿಲಿಗೆ ಹೊಳೆಯುವ ಕಲ್ಲುಗಳ ಕಡೆಗೆ ಮೂಲನಿವಾಸಿಗಳ ಸವಾರರ ಸಾಲೊಂದು ನಿಧಾನವಾಗಿ ಸಾಗುತ್ತಿದೆ. ಹಳಿಯಿಲ್ಲ, ಊರಿಲ್ಲ, ಭಟ್ಟಿಯಿಲ್ಲ. ತಾನು ಇಳಿದ ನಿಲ್ದಾಣವನ್ನೇ ಅಳಿಸಿದ ಚಿತ್ರಕಾರನಿಗೆ ಸುಳ್ಳುಗಾರನೆನ್ನುವುದು ಸುಲಭ. ಕೈಮಗ್ಗ ನಿಂತುಹೋದ ಮನೆಯಿಂದ ಬಂದವನು ಒಂದೆಡೆಯಲ್ಲಾದರೂ ಯಂತ್ರ ಬಾರದಿರಲೆಂದು ಬಯಸಿದ್ದನೆನ್ನುವುದು ನನಗೆ ಹೆಚ್ಚು ಸರಿಯೆಂದು ತೋರುತ್ತದೆ. ಆದರೆ ಆ ಬಯಕೆಗೆ ಬೆಲೆ ತೆತ್ತವರು ಬೇರೆ. ಚಿತ್ರದಲ್ಲಿ ಸವಾರರಾಗಿ ಉಳಿದವರನ್ನು ನೆಲದ ಮೇಲೆ ಮೀಸಲು ಸೀಮೆಗಳಿಗೆ ದೂಡಲಾಗಿದ್ದಿತು. ಯೊಸೆಮಿಟಿ ಕಣಿವೆಯ ಅಹ್ವಾನೀಚೀ ಜನರನ್ನು 1851ರಲ್ಲಿಯೇ ಸಶಸ್ತ್ರ ದಳ ಹೊರಗಟ್ಟಿದ್ದಿತು, ಬೀರ್‌ಸ್ಟಾಟ್ ಅಲ್ಲಿಗೆ ಹೋದುದು 1863ರಲ್ಲಿ. ಮನುಷ್ಯಸ್ಪರ್ಶವಿಲ್ಲದ ನಿಸರ್ಗವೆಂದು ನಾವು ಬೆರಗಾಗುವ ಎಷ್ಟೋ ನೋಟಗಳು ಹಾಗೆ ಬರಿದುಮಾಡಿದ ಮೇಲೆ ಬರೆದವುಗಳು. 1991ರಲ್ಲಿ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯ ಚಿತ್ರಶಾಲೆ ಈ ಮಾತನ್ನು ಎತ್ತಿ ಹೇಳುವ ಪ್ರದರ್ಶನವೊಂದನ್ನು ನಡೆಸಿದಾಗ ರಾಜಕಾರಣಿಗಳಿಂದ ತೀವ್ರ ಆಕ್ಷೇಪಣೆ ಬಂದಿತು.

1890ರ ಜನಗಣತಿ ಗಡಿನಾಡೆಂಬ ರೇಖೆ ಇನ್ನಿಲ್ಲವೆಂದು ಸಾರುವ ಹೊತ್ತಿಗೆ ಪಂಥದ ಕಾಲವೂ ಮುಗಿದಿದ್ದಿತು. ಕಾಡೆಮ್ಮೆಗಳು ಕೆಲವು ನೂರಕ್ಕೆ ಇಳಿದಿದ್ದಾಗ ಬೀರ್‌ಸ್ಟಾಟ್ 1888ರಲ್ಲಿ ಬರೆದ ‘ಕೊನೆಯ ಕಾಡೆಮ್ಮೆ’ಯನ್ನು ಮರುವರ್ಷದ ಪ್ಯಾರಿಸ್ ಪ್ರದರ್ಶನಕ್ಕೆ ಆರಿಸಲು ಆತನ ದೇಶದ ಸಮಿತಿಯೇ ಒಪ್ಪಲಿಲ್ಲ. ಚರ್ಚನ ‘ಹಿಮಗಡ್ಡೆಗಳು’ (1861) ಇಂಗ್ಲೆಂಡಿನ ರೈಲ್ವೆ ಧನಿಕನೊಬ್ಬನ ಪಾಲಾಗಿ, ಮ್ಯಾಂಚೆಸ್ಟರಿನ ಬಾಲಕರ ನಿಲಯವೊಂದರಲ್ಲಿ ಮರೆತುಹೋಗಿದ್ದು 1979ರಲ್ಲಿ ಬೆಳಕಿಗೆ ಬಂದು 25 ಲಕ್ಷ ಡಾಲರಿಗೆ ಹರಾಜಾಯಿತು. ಚಾರ್ಲ್ಸ್ ಶೀಲರ್ 1930ರಲ್ಲಿ ಫೋರ್ಡ್ ಕಾರ್ಖಾನೆಯ ಚಿಮಣಿ, ಕಾಲುವೆ, ಸರಕಿನ ರಾಶಿಗಳನ್ನು ಬರೆದು ಅದಕ್ಕೆ ‘ಅಮೆರಿಕದ ನಿಸರ್ಗದೃಶ್ಯ’ವೆಂದು ಹೆಸರಿಟ್ಟಾಗ ಚಿತ್ರದಲ್ಲಿ ಒಂದು ಮರವೂ ಇರಲಿಲ್ಲ.

ಕೋಲನು ಬರೆದ ನದಿಯ ಬಳಸು ಈಗ ಆ ರೂಪದಲ್ಲಿಲ್ಲ. 1840ರ ಪ್ರವಾಹದಲ್ಲಿ ಕನೆಕ್ಟಿಕಟ್ ನದಿ ತನ್ನ ಕೊರಳಿನ ಕಿರುನೆಲವನ್ನು ಕೊರೆದುಕೊಂಡು ನೇರವಾಗಿ ಹರಿಯತೊಡಗಿ, ಹಳೆಯ ಬಳಸು ಹಿನ್ನೀರಿನ ಸರೋವರವಾಯಿತು. ಅದರ ಮೇಲೆ ಈಗ 91ನೆಯ ಅಂತರರಾಜ್ಯ ಹೆದ್ದಾರಿ ಹಾದುಹೋಗಿದೆ. ಚಿತ್ರ 1908ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯಕ್ಕೆ ಸೇರಿತು. ಅದನ್ನು ದಾನವಾಗಿ ಕೊಟ್ಟವಳು ರೈಲ್ವೆ ವ್ಯವಹಾರದಲ್ಲಿ ಕೋಟ್ಯಧೀಶನಾಗಿದ್ದ ರಸೆಲ್ ಸೇಜನ ವಿಧವೆ.